ಕಣ್ಣಳತೆ ಬಿಟ್ಟು ಚೀಲ ಕಟ್ಟಿದ್ದು

ನಾನು ಲೇಬರ್ ರೂಮಿನ ಸ್ಟಾಫ್ ನರ್ಸ್. ಮೊದಲ ಆರು ವರ್ಷ, ಹೆರಿಗೆ ಆದಮೇಲೆ ಕೇಸ್ ಶೀಟಿನಲ್ಲಿ ರಕ್ತ ಎಷ್ಟು ಹೋಯ್ತು ಅನ್ನೋ ಜಾಗದಲ್ಲಿ ಸುಮ್ನೆ 200 ಎಂಎಲ್ ಅಂತ ಬರೆಯುತ್ತಿದ್ದೆ. ಸ್ವಲ್ಪ ಜಾಸ್ತಿ ಅನಿಸಿದರೆ 250. ನಾನೊಬ್ಬಳೇ ಅಲ್ಲ, ವಾರ್ಡಿನಲ್ಲಿ ಎಲ್ಲರೂ ಹಾಗೇ.

ಒಂದು ನೈಟ್ ಡ್ಯೂಟಿ. ಒಬ್ಬಳಿಗೆ ಎರಡನೇ ಹೆರಿಗೆ, ಮಗು ಚೆನ್ನಾಗಿತ್ತು, ಮಾಸು ಪೂರ್ತಿ ಬಂದಿತ್ತು. 250 ಅಂತ ಬರೆದು ಪಕ್ಕದ ಟೇಬಲ್ಲಿಗೆ ಹೋದೆ. ಮುಕ್ಕಾಲು ಗಂಟೆ ಆಗಿರಬೇಕು, "ಸಿಸ್ಟರ್, ಕಣ್ಣಿಗೆ ಕತ್ತಲಿ ಬರಾಕತ್ತೈತ್ರಿ" ಅಂದಳು. ನಾಡಿ 130. ಹೊದಿಕೆ ಎತ್ತಿದರೆ ಬೆನ್ನಿನವರೆಗೂ ತೊಯ್ದಿತ್ತು. ಮೂರು ಬಾಟಲಿ ರಕ್ತ ಹಾಕಿಸಿ ಉಳಿಸಿಕೊಂಡೆವು. ಶೀಟಿನಲ್ಲಿ ನಾನು ಬರೆದ 250 ಹಾಗೇ ಉಳಿಯಿತು.

ಆಮೇಲೆ ಒಂದು ಟ್ರೇನಿಂಗಿನಲ್ಲಿ ಅರ್ಧ ಲೀಟರ್ ಕೆಂಪು ನೀರನ್ನು ಹಳೇ ಬೆಡ್‌ಶೀಟ್ ಮೇಲೆ ಸುರಿದು ಎಷ್ಟಿದೆ ಹೇಳಿ ಅಂದರು. ನಾನು 250 ಅಂದೆ! ಬಟ್ಟೆ ಕುಡಿದಿದ್ದು ಕಣ್ಣಿಗೆ ಎಲ್ಲಿ ಕಾಣುತ್ತೆ?

ಅಲ್ಲೇ ಅಳತೆ ಚೀಲ, ಅಂದರೆ ಹೋದ ರಕ್ತ ತುಂಬಿಕೊಳ್ಳೋ, ಎಂಎಲ್ ಗೆರೆ ಹಾಕಿದ ಪ್ಲಾಸ್ಟಿಕ್ ಡ್ರೇಪ್, ಕೈಗೆ ಸಿಕ್ಕಿದ್ದು. ಇದರ ಕಥೆಯಲ್ಲಿ ನಮ್ಮ ಬೆಳಗಾವಿಯೂ ಇದೆ. ಅಲ್ಲಿನ ಜೆಎನ್‌ಎಂಸಿ ಮೆಡಿಕಲ್ ಕಾಲೇಜಿನವರು ಇದ್ದ ತಂಡ ಸುತ್ತಲಿನ ಹಳ್ಳಿಗಳಲ್ಲಿ ಎಎನ್‌ಎಂಗಳ, ಅಂದರೆ ಹಳ್ಳಿಯ ಸಹಾಯಕ ನರ್ಸ್‌ಗಳ ಕೈಲೇ ಹೆರಿಗೆ ಮಾಡಿಸಿ, 1620 ಹೆಂಗಸರಲ್ಲಿ ಅರ್ಧದಷ್ಟು ಮಂದಿಗೆ ರಕ್ತಸ್ರಾವ ತಡೆಯೋ ಮಿಸೊಪ್ರೊಸ್ಟಾಲ್ ಮಾತ್ರೆ, ಉಳಿದವರಿಗೆ ಔಷಧಿ ಇಲ್ಲದ ಮಾತ್ರೆ ಕೊಟ್ಟು, ಹೋದ ರಕ್ತವನ್ನು ಇಂಥದೇ ಚೀಲದಲ್ಲಿ ಅಳೆದಿತ್ತು. 2006ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಅರ್ಧ ಲೀಟರಿಗಿಂತ ಹೆಚ್ಚು ರಕ್ತ ಹೋದವರು ನೂರಕ್ಕೆ 12 ಇದ್ದದ್ದು, ಮಾತ್ರೆ ತಗೊಂಡವರಲ್ಲಿ 6.4ಕ್ಕೆ ಇಳಿದಿತ್ತು.

ಚೀಲ ಕಟ್ಟೋದು ಸುಲಭ, ಹೊತ್ತು ನೋಡಿ ಕಟ್ಟಬೇಕು ಅಷ್ಟೇ. ಮಗು ಬಂದು, ಗರ್ಭದ ನೀರು ಹರಿದು ಹೋದಮೇಲೆ ಸೊಂಟದ ಕೆಳಗೆ ಹಾಸಿ ದಾರ ಕಟ್ಟುತ್ತೇನೆ. ಮೊದಲೇ ಹಾಸಿದರೆ ನೀರೂ ಸೇರಿ ಲೆಕ್ಕ ಕೆಡುತ್ತೆ. ಸ್ಟೋರಿನಲ್ಲಿ ಚೀಲ ಖಾಲಿ ಆದ ತಿಂಗಳು ಒಂದು ಡಿಜಿಟಲ್ ತಕ್ಕಡಿ ತರಿಸಿದೆ. ರಕ್ತ ಒರೆಸೋ ಬಟ್ಟೆ, ಅಂದರೆ ಒಣ ಮಾಪಿನ ತೂಕ ಗೋಡೆ ಮೇಲೆ ಬರೆದಿಟ್ಟೆ, ಒದ್ದೆ ತೂಕದಲ್ಲಿ ಅದನ್ನು ಕಳೆದರೆ ಗ್ರಾಮಿಗೆ ಹೆಚ್ಚುಕಮ್ಮಿ ಒಂದು ಎಂಎಲ್. ತಕ್ಕಡಿ ನೋಡಿ ಆಯಾ ನಕ್ಕಳು, ತರಕಾರಿ ಅಂಗಡಿ ಇಟ್ಟಿದ್ದೀರಾ ಅಂತ.

ಅಳೆದು ಸುಮ್ಮನೆ ಕೂತರೆ ಏನೂ ಉಪಯೋಗ ಇಲ್ಲ. 2023ರಲ್ಲಿ ಇ-ಮೋಟಿವ್ ಅನ್ನೋ ಸಂಶೋಧನೆ ಬಂತು. ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ಟಾಂಜಾನಿಯಾದ ಆಸ್ಪತ್ರೆಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಹೆರಿಗೆ. ಚೀಲದಲ್ಲಿ ಅಳೆದು, ಗೆರೆ ಮುಟ್ಟಿದ ಕೂಡಲೇ ಹೊಟ್ಟೆ ಮೇಲಿಂದ ಗರ್ಭಕೋಶ ತಿಕ್ಕೋದು, ಗರ್ಭಕೋಶ ಬಿಗಿಯಾಗಿಸೋ ಆಕ್ಸಿಟೋಸಿನ್, ರಕ್ತ ಹೆಪ್ಪು ಕರಗದಂತೆ ತಡೆಯೋ ಟ್ರಾನೆಕ್ಸಾಮಿಕ್ ಆಸಿಡ್, ಡ್ರಿಪ್, ಒಳಗೆ ಎಲ್ಲಾದರೂ ಹರಿದಿದೆಯಾ ನೋಡೋದು, ಎಲ್ಲಾ ಒಟ್ಟಿಗೇ ಶುರು. ಒಂದು ಲೀಟರ್ ರಕ್ತ ಹೋಗೋದು, ರಕ್ತ ನಿಲ್ಲಿಸೋಕೆ ಹೊಟ್ಟೆ ಕೊಯ್ಯೋದು, ಸಾವು, ಇವೆಲ್ಲ ಸೇರಿ ನೂರಕ್ಕೆ 4.3 ಇದ್ದದ್ದು 1.6ಕ್ಕೆ ಬಂತು. ನಾವು ಮೊದಲು ಒಂದು ಇಂಜೆಕ್ಷನ್ ಕೊಟ್ಟು, ಕಾದು, ಆಮೇಲೆ ಇನ್ನೊಂದು ಅಂತ ಮಾಡುತ್ತಿದ್ದೆವು. ಈಗ ಇಲ್ಲ. ಹಿಮೋಗ್ಲೋಬಿನ್ 7 ಇದ್ದು ಮೊದಲೇ ರಕ್ತ ಕಡಿಮೆ ಇರೋವಳಿಗೆ ನಾನು 500ರ ಗೆರೆಗೂ ಕಾಯಲ್ಲ, ಅವಳಿಗೆ 300 ಹೋದರೂ ಜಾಸ್ತಿನೇ ಅಲ್ವಾ.

ಒಂದೇ ರಾತ್ರಿ ಎರಡು ಮೂರು ಹೆರಿಗೆ ಬಂದರೆ ಹದಿನೈದು ನಿಮಿಷಕ್ಕೊಮ್ಮೆ ಚೀಲ ನೋಡೋದು ಈಗಲೂ ಕಷ್ಟ. ಅಂಥ ದಿನ ಆಯಾಗೆ ಗೆರೆ ತೋರಿಸಿ, ರಕ್ತ ಇಲ್ಲಿಗೆ ಬಂದರೆ ಕೂಗು ಅಂತ ಹೇಳಿರುತ್ತೇನೆ. ಗೆರೆಗೆ ಇನ್ನೂ ಎರಡು ಬೆರಳು ಇರುವಾಗಲೇ ಕೂಗುತ್ತಾಳೆ. ಓಡುತ್ತೇನೆ.