ಗೆಸ್ಟ್ ಇಳಿದು ಹೋದ ಮೇಲೆ: ವೇಟಿಂಗ್ ಬಗ್ಗೆ ನನ್ನ ಅನುಭವ

ವೇಟಿಂಗ್‌ನಲ್ಲಿ (ನಮ್ಮ ಬಾಡಿಗೆ ಕಾರಿನಲ್ಲಿ ಬರುವವರನ್ನು ಗೆಸ್ಟ್ ಎನ್ನುತ್ತೇವೆ, ಅವರು ಇಳಿದು ಹೋಗಿ ಮರಳುವವರೆಗೆ ಕಾಯುವುದೇ ವೇಟಿಂಗ್) ಎಂಜಿನ್ ಆನ್ ಮಾಡಿಕೊಂಡು ಎ.ಸಿ.ಯಲ್ಲಿ ಮಲಗುವುದಿಲ್ಲ, ಹೇಳದೆ ಕಾರು ಬಿಟ್ಟು ಕದಲುವುದಿಲ್ಲ, ಗೆಸ್ಟ್ ಎಲ್ಲಿಗೆ ಹೋಗಿದ್ದಾರೆಂದು ಯಾರಿಗೂ ತಿಳಿಸುವುದಿಲ್ಲ, ಡ್ಯೂಟಿಯ ಸಮಯ, ಕಿಲೋಮೀಟರ್ ಬರೆಯುವ ಟ್ರಿಪ್ ಶೀಟಿನಲ್ಲಿ ಹತ್ತು ನಿಮಿಷವನ್ನೂ ಹೆಚ್ಚಿಗೆ ಬರೆಯುವುದಿಲ್ಲ ಎಂದು 2019ರಲ್ಲಿ ನಾನು ತೀರ್ಮಾನಿಸಿದಾಗ ಜೊತೆಯ ಡ್ರೈವರುಗಳು ನನಗೆ 'ಸ್ವಾಮೀಜಿ' ಎಂದು ಹೆಸರಿಟ್ಟರು. ನನ್ನ ಗಾಡಿ ಅಟ್ಯಾಚ್ ಆಗಿದ್ದ ಟ್ರಾವೆಲ್ಸ್‌ನ ಮಾಲೀಕರು, "ಹರಿಶ್ಚಂದ್ರನ ಮನೆಯ ಇಎಂಐ ಯಾರು ಕಟ್ಟುತ್ತಾರಪ್ಪ?" ಎಂದು ಎಲ್ಲರೆದುರಿಗೆ ಕೇಳಿದ್ದರು. ಈಗ ತಿಂಗಳಿಗೆ ಬರುವ ಇಪ್ಪತ್ತೆರಡು ಇಪ್ಪತ್ತಮೂರು ಡ್ಯೂಟಿಗಳಲ್ಲಿ ಹದಿನಾಲ್ಕಾದರೂ ನನ್ನ ಹೆಸರು ಹೇಳಿ ಕೇಳಿದವೇ ಆಗಿರುತ್ತವೆ. ನನ್ನ ಮರ್ಸಿಡಿಸ್ ಇ-ಕ್ಲಾಸ್ ಕಾರಿನ ಮೇಲಿನ ಸಾಲ ಅವಧಿಗಿಂತ ಎಂಟು ತಿಂಗಳು ಮೊದಲೇ ತೀರಿದೆ. ಮಾಲೀಕರು ಕೇಳಿದ ಪ್ರಶ್ನೆಗೆ ಉತ್ತರ ಸಿಕ್ಕಿರುವುದರಿಂದ ಇದನ್ನು ಬರೆಯಬಹುದೆಂದು ಅನಿಸಿತು.

ಬೆಂಗಳೂರಿನಲ್ಲಿ ಹಳದಿ ಬೋರ್ಡಿನ ದೊಡ್ಡ ಗಾಡಿ ಓಡಿಸುವವರಿಗೆ ಎಂಟು ಗಂಟೆ ಎಂಬತ್ತು ಕಿಲೋಮೀಟರ್ ಪ್ಯಾಕೇಜಿನ ಲೆಕ್ಕವನ್ನು ನಾನು ವಿವರಿಸಬೇಕಾಗಿಲ್ಲ: ಅಷ್ಟಕ್ಕೆ ಒಂದು ಬಾಡಿಗೆ, ಮೀರಿದ ಗಂಟೆಗೆ ಬೇರೆ ಹಣ. ಆ ಎಂಟು ಗಂಟೆಗಳಲ್ಲಿ ನಾವು ಸ್ಟೀರಿಂಗ್ ಹಿಡಿಯುವುದು ಹೆಚ್ಚೆಂದರೆ ಮೂರು ಗಂಟೆ, ಉಳಿದದ್ದೆಲ್ಲ ಕಾಯುವುದೇ. ಗಾಡಿ ಓಡಿಸುವಾಗ ಗೆಸ್ಟ್ ಹಿಂದಿನ ಸೀಟಿನಲ್ಲಿ ಕುಳಿತು ನೋಡುತ್ತಿರುವುದರಿಂದ ನಾವೆಲ್ಲರೂ ಒಳ್ಳೆಯವರಾಗಿಯೇ ಇರುತ್ತೇವೆ. ನಾನು ಕೆಟ್ಟದ್ದೂ ಕಲಿತದ್ದೂ ಯಾರೂ ನೋಡದ ಆ ಐದು ಗಂಟೆಗಳಲ್ಲಿ.

ಮೊದಲ ಪೆಟ್ಟು ಬಿದ್ದದ್ದು ನಿದ್ದೆಯಿಂದ. 2016 ಅಥವಾ 2017ರ ಮಳೆಗಾಲ ಇರಬೇಕು. ಲ್ಯಾವೆಲ್ಲೆ ರಸ್ತೆಯ ಒಂದು ರೆಸ್ಟೋರೆಂಟಿನ ಮುಂದೆ ಇನ್ನೋವಾ ನಿಲ್ಲಿಸಿ, ಸೀಟು ಹಿಂದಕ್ಕೆ ಬಾಗಿಸಿ, ಶೂ ಬಿಚ್ಚಿ, ಎ.ಸಿ. ಹಾಕಿಕೊಂಡು ಮಲಗಿದ್ದೆ. ಗೆಸ್ಟ್ ಅರವತ್ತು ದಾಟಿದ ಹೆಂಗಸು. ನಾಲ್ಕು ಸಲ ಫೋನ್ ಮಾಡಿ, ಸೋನೆ ಮಳೆಯಲ್ಲಿ ಸಾಲಾಗಿ ನಿಂತಿದ್ದ ಬಿಳಿ ಇನ್ನೋವಾಗಳ ನಂಬರ್ ಪ್ಲೇಟುಗಳನ್ನು ಒಂದೊಂದಾಗಿ ಓದುತ್ತಾ ಬಂದು ಕಿಟಕಿ ತಟ್ಟಿದರು. ಬಾಗಿಲು ತೆರೆದಾಗ ಒಳಗಿದ್ದ ಕಾಲುಚೀಲದ ವಾಸನೆ ನನಗೇ ಹೊಡೆಯಿತು. ಅವರು ಬೈಯಲಿಲ್ಲ, "ಊಟ ಆಯಿತಾ?" ಎಂದಷ್ಟೇ ಕೇಳಿ ಕುಳಿತುಕೊಂಡರು. ಮರುದಿನ ಟ್ರಾವೆಲ್ಸ್‌ನವರು ಆ ಡ್ಯೂಟಿಯ ಅರ್ಧ ಹಣ ಹಿಡಿದುಕೊಂಡರು, ಸುಮಾರು ಒಂಬೈನೂರು ರೂಪಾಯಿ. ಬೈದಿದ್ದರೆ ಅದನ್ನು ನಾನು ಅಲ್ಲಿಗೇ ಮರೆಯುತ್ತಿದ್ದೆನೇನೋ, ಆದರೆ ಊಟದ ಆ ಮಾತು ಇಂದಿಗೂ ಚುಚ್ಚುತ್ತದೆ. ಮುಚ್ಚಿದ ಕಾರಿನಲ್ಲಿ ಎಂಜಿನ್ ಹಾಕಿಕೊಂಡು ಮಲಗಿದವರು ಕಾರ್ಬನ್ ಮಾನಾಕ್ಸೈಡ್ ತುಂಬಿ ಏಳದೇ ಹೋದ ಸುದ್ದಿಗಳನ್ನು ನಾವೆಲ್ಲರೂ ಓದಿದ್ದೇವೆ. ಆದರೂ ನಮ್ಮವರು ಮಲಗುವುದನ್ನು ಬಿಟ್ಟಿಲ್ಲ.

ಈಗ ನಿದ್ದೆ ತಡೆಯಲಾಗದಿದ್ದರೆ ಗೆಸ್ಟ್‌ಗೆ ಮೊದಲೇ ತಿಳಿಸುತ್ತೇನೆ. ನಡುರಾತ್ರಿ ಬರುವ ಯುರೋಪಿನ ವಿಮಾನದ ಪಿಕಪ್ ಮುಗಿಸಿ ಮತ್ತೆ ಬೆಳಿಗ್ಗೆ ಒಂಬತ್ತಕ್ಕೆ ಡ್ಯೂಟಿ ಇದ್ದಾಗ, "ಸಾರ್, ನೀವು ಮೀಟಿಂಗಿನಲ್ಲಿರುವಾಗ ನಾನು ಒಂದು ಗಂಟೆ ಕಣ್ಣು ಮುಚ್ಚುತ್ತೇನೆ, ಹೊರಡುವ ಹತ್ತು ನಿಮಿಷ ಮೊದಲು ಫೋನ್ ಮಾಡಿ" ಎನ್ನುತ್ತೇನೆ. ಹೀಗೆ ಹೇಳಿದರೆ ಡ್ಯೂಟಿ ಹೋಗುತ್ತದೆ ಎಂದು ಗೆಳೆಯರು ಹೆದರಿಸಿದ್ದರು. ಇದುವರೆಗೆ ಮುಖ ಸಿಂಡರಿಸಿದವರು ಇಬ್ಬರೇ.

ಎಂಜಿನ್ ಆಫ್ ಮಾಡುವ ನಿಯಮ ಉಳಿದುಕೊಂಡದ್ದರ ಹಿಂದೆ ನೀತಿಗಿಂತ ಹೆಚ್ಚಾಗಿ ಡೀಸೆಲ್ ಇತ್ತು ಎಂದು ಒಪ್ಪಿಕೊಳ್ಳುತ್ತೇನೆ. ಲಾಕ್‌ಡೌನ್ ನಂತರ ಟ್ರಾವೆಲ್ಸ್‌ಗಳು ದೊಡ್ಡ ಗಾಡಿಗಳನ್ನು ಸಿಕ್ಕ ಬೆಲೆಗೆ ಬಿಡುತ್ತಿದ್ದಾಗ ಹಳದಿ ಬೋರ್ಡಿನಲ್ಲೇ ಓಡಿದ್ದ ಇ-ಕ್ಲಾಸ್ ಒಂದನ್ನು ಹೆಚ್ಚುಕಡಿಮೆ ಇಪ್ಪತ್ತಾರು ಲಕ್ಷಕ್ಕೆ ಕೊಂಡೆ; ಅದರಲ್ಲಿ ಇಪ್ಪತ್ತು ಲಕ್ಷ ಸಾಲವಾಗಿದ್ದು ತಿಂಗಳ ಕಂತು ಐವತ್ತೆರಡು ಸಾವಿರದ ಹತ್ತಿರ ಬರುತ್ತಿತ್ತು. ನಿಂತ ಗಾಡಿಯಲ್ಲಿ ಎ.ಸಿ. ಓಡಿದರೆ ಗಂಟೆಗೆ ಲೀಟರಿಗಿಂತ ಸ್ವಲ್ಪ ಹೆಚ್ಚು ಡೀಸೆಲ್ ಹೋಗುತ್ತದೆಂದು ಟ್ಯಾಂಕ್ ಫುಲ್ ಮಾಡಿ ಮಾಡಿ ನಾನೇ ಅಳೆದಿದ್ದೇನೆ. ದಿನಕ್ಕೆ ಮೂರು ಗಂಟೆ, ತಿಂಗಳಿಗೆ ಇಪ್ಪತ್ತೆರಡು ದಿನ, ಲೀಟರಿಗೆ ತೊಂಬತ್ತರ ಲೆಕ್ಕ ಹಾಕಿದರೆ ಆರೂವರೆ ಏಳು ಸಾವಿರ ರೂಪಾಯಿ ಹೊಗೆಯಾಗಿ ಹೋಗುತ್ತಿತ್ತು.

ಎಂಜಿನ್ ಆಫ್ ಮಾಡಿದರೆ ಏಪ್ರಿಲ್ ತಿಂಗಳಲ್ಲಿ ಬೇಯಬೇಕು. ಅದಕ್ಕಾಗಿ ಮಾಡಿದ ಪ್ರಯೋಗಗಳಲ್ಲಿ ಹೆಚ್ಚಿನವು ಕೆಟ್ಟವು. ಒದ್ದೆ ಟವೆಲನ್ನು ಮುಂದಿನ ಗಾಜಿನ ಮೇಲೆ ಹಾಸಿದಾಗ ಬೋರ್‌ವೆಲ್ ನೀರಿನ ಬಿಳಿ ಕಲೆ ಕಟ್ಟಿಕೊಂಡು, ಅದನ್ನು ತೆಗೆಸಲು ಎಂಟುನೂರು ರೂಪಾಯಿ ಪಾಲಿಶ್‌ಗೆ ಕೊಟ್ಟೆ. ಚಾರ್ಜಿನ ಸಣ್ಣ ಫ್ಯಾನುಗಳನ್ನು ಮೂರು ಕೊಂಡೆ, ಎರಡು ಕೆಟ್ಟುಹೋದವು. ಮಳೆ ಮರದ ಕೆಳಗೆ ನಿಲ್ಲಿಸಿದರೆ ಅಂಟು ಕಾಯಿ ಮತ್ತು ಕಾಗೆಯ ಹಿಕ್ಕೆ, ಹೊಂಗೆಯ ನೆರಳು ಎಲ್ಲಕ್ಕಿಂತ ತಂಪು, ಆದರೆ ಹೂವು ಉದುರುವ ತಿಂಗಳಲ್ಲಿ ಬಾನೆಟ್ ಸಂದಿಯೆಲ್ಲ ಹೂವೇ. ಕೊನೆಗೆ ನಿಂತದ್ದು ಸರಳವಾದ ಕ್ರಮ: ನಾಲ್ಕೂ ಕಿಟಕಿಗೆ ಪರದೆ, ಒಂದು ಬೆರಳಿನಷ್ಟು ಗಾಜು ಇಳಿಸುವುದು, ನಾನು ಹೊರಗೆ ನೆರಳಿನಲ್ಲಿ ಕಾರು ಕಾಣುವ ಹಾಗೆ ನಿಲ್ಲುವುದು. ಗೆಸ್ಟ್ ಬರುವ ಮುನ್ನ ಹಿಂದಿನ ಎಡ ಕಿಟಕಿ ಪೂರ್ತಿ ಇಳಿಸಿ ನನ್ನ ಕಡೆಯ ಬಾಗಿಲನ್ನು ಐದಾರು ಸಲ ಬೀಸಿದರೆ ಬಿಸಿಗಾಳಿ ಹೊರಗೆ ಹೋಗುತ್ತದೆ, ಆಮೇಲೆ ನಾಲ್ಕು ನಿಮಿಷದ ಎ.ಸಿ. ಸಾಕಾಗುತ್ತದೆ. ಆ ನಾಲ್ಕು ನಿಮಿಷ ಮೊದಲು ಗೆಸ್ಟ್ ಹೊರಡುತ್ತಿರುವುದು ನನಗೆ ಹೇಗೆ ತಿಳಿಯುತ್ತದೆ ಎಂದು ಎಲ್ಲರೂ ಕೇಳುತ್ತಾರೆ. ಬಾಗಿಲ ಬಳಿಯ ಸೆಕ್ಯುರಿಟಿಯವರೊಡನೆ ಸ್ನೇಹವಿದ್ದರೆ ಸಾಕೆಂದು ಅವರು ತಿಳಿದಿದ್ದಾರೆ. ಅದು ಕಾಲು ಭಾಗ ಮಾತ್ರ, ಉಳಿದ ಮುಕ್ಕಾಲನ್ನು ಇಲ್ಲಿ ಬರೆಯುವುದಿಲ್ಲ.

ಇವೆಲ್ಲಕ್ಕಿಂತ ದುಬಾರಿಯಾಗಿ ಕಲಿತದ್ದು ಬಾಯಿಯ ವಿಷಯ. 2018ರಲ್ಲಿ ಒಬ್ಬ ಗೆಸ್ಟ್ ಮೂರು ದಿನ ದೇವನಹಳ್ಳಿ ಸುತ್ತಮುತ್ತ ಜಮೀನು ನೋಡಿದ್ದರು. ಹೋಟೆಲಿನ ಪಾರ್ಕಿಂಗ್‌ನಲ್ಲಿ ಟೀ ಕುಡಿಯುತ್ತಾ ಇನ್ನೊಬ್ಬ ಡ್ರೈವರಿಗೆ, "ನಮ್ಮ ಸಾಹೇಬರು ಆ ಕೆರೆ ಪಕ್ಕದ ತೋಟದ ಮೇಲೆ ಕಣ್ಣು ಹಾಕಿದ್ದಾರೆ" ಎಂದೆ. ಅವನ ಗೆಸ್ಟ್ ಕೂಡ ಅದೇ ವ್ಯವಹಾರದವರೆಂದು ನನಗೆ ತಿಳಿದಿರಲಿಲ್ಲ. ವಾರದೊಳಗೆ ತೋಟದ ಬೆಲೆ ಏರಿತು, ಮಾತು ಹೊರಬಿದ್ದ ದಾರಿಯೂ ಗೊತ್ತಾಯಿತು, ಆ ಕಂಪನಿಯ ಡ್ಯೂಟಿ ಎರಡು ವರ್ಷ ನನ್ನ ಕಡೆಗೆ ಬರಲಿಲ್ಲ. ಕಳೆದುಕೊಂಡದ್ದನ್ನು ಲೆಕ್ಕ ಹಾಕಿದರೆ ಮೂರು ಲಕ್ಷಕ್ಕೆ ಕಡಿಮೆ ಇಲ್ಲ. ನಾನು ಒಂದು ರೂಪಾಯಿ ಲಂಚ ಮುಟ್ಟಿರಲಿಲ್ಲ, ಯಾರಿಗೂ ಕೆಡುಕು ಬಯಸಿರಲಿಲ್ಲ, ಕೇವಲ ಹೊತ್ತು ಹೋಗದೆ ಮಾತಾಡಿದ್ದೆ.

ಅಂದಿನಿಂದ ಯಾರು ಕೇಳಿದರೂ, "ಡ್ಯೂಟಿ ನಡೀತಿದೆ ಅಣ್ಣ" ಎಂಬುದೊಂದೇ ಉತ್ತರ. ಮುಂದೊಮ್ಮೆ ಒಬ್ಬ ಬ್ರೋಕರ್, ಗೆಸ್ಟ್ ಯಾವ ಯಾವ ಆಫೀಸಿಗೆ ಹೋದರೆಂದು ಬರೆದುಕೊಟ್ಟರೆ ಐದು ಸಾವಿರ ಕೊಡುತ್ತೇನೆಂದು ನೋಟುಗಳನ್ನು ವೈಪರ್ ಕೆಳಗೆ ಸಿಕ್ಕಿಸಿದ. ಕಂತು ಕಟ್ಟುವ ವಾರ ಅದು. ಕೈ ನೋಟಿನ ಕಡೆಗೆ ಹೋಗಲಿಲ್ಲ ಎಂದರೆ ಸುಳ್ಳಾಗುತ್ತದೆ. ನೋಟು ತೆಗೆದು ಅವನ ಜೇಬಿಗೇ ತುರುಕಿದೆ, ಸಂಜೆ ಗೆಸ್ಟ್‌ಗೆ ವಿಷಯ ತಿಳಿಸಿದೆ. ಅವರು ಆಗ ಏನೂ ಹೇಳಲಿಲ್ಲ. ನನ್ನ ಹೆಸರು ಹೇಳಿ ಗಾಡಿ ಕೇಳುವುದನ್ನು ಶುರು ಮಾಡಿದ ಮೊದಲಿಗರು ಅವರೇ.

ಇದರಲ್ಲಿ ಇನ್ನೂ ಕಷ್ಟದ್ದು ಮನೆಯವರ ಫೋನು. ಒಬ್ಬ ಗೆಸ್ಟ್‌ನ ಹೆಂಡತಿ ರಾತ್ರಿ ಹತ್ತಕ್ಕೆ ನನಗೇ ಫೋನ್ ಮಾಡಿ, "ಸಾಹೇಬರು ಎಲ್ಲಿದ್ದಾರೆ, ನಿಜ ಹೇಳಪ್ಪ" ಎಂದರು. ಸುಳ್ಳು ಹೇಳಿದರೆ ಅವರಿಗೆ ದ್ರೋಹ, ನಿಜ ಹೇಳಿದರೆ ಸಾಹೇಬರಿಗೆ ದ್ರೋಹ. "ಸಾರ್ ಈಗ ಕಾರಿನಲ್ಲಿಲ್ಲ ಮೇಡಂ, ನೀವು ಕೇಳಿದ್ದನ್ನು ಈಗಲೇ ಅವರಿಗೆ ಮೆಸೇಜ್ ಮಾಡುತ್ತೇನೆ" ಎಂದು ಹೇಳಿ ಹಾಗೆಯೇ ಮಾಡಿದೆ. ಇಬ್ಬರಿಗೂ ನನ್ನ ಮೇಲೆ ಸಿಟ್ಟು ಬಂತು. ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಇನ್ನೂ ಹೊಳೆದಿಲ್ಲ.

ಮೈಸೂರು ಡ್ಯೂಟಿಯ ಕಮಿಷನ್ ಬಗ್ಗೆ ಬರೆದರೆ ಹಲವರಿಗೆ ಬೇಸರವಾಗುತ್ತದೆ, ಆದರೂ ಬರೆಯುತ್ತೇನೆ. ರೇಷ್ಮೆ, ಗಂಧದ ಅಂಗಡಿಗಳ ಮುಂದೆ ಗಾಡಿ ನಿಲ್ಲಿಸಿ ಕಾದರೆ ಬಿಲ್ಲಿನ ಮೇಲೆ ನೂರಕ್ಕೆ ಹತ್ತೋ ಹದಿನೈದೋ ಕೈಗೆ ಬರುತ್ತಿದ್ದ ಕಾಲದಲ್ಲಿ ನಾನೂ ತೆಗೆದುಕೊಂಡಿದ್ದೇನೆ. ಒಮ್ಮೆ ಬಿಲ್ ಮಾಡಿಸಿ ಹೊರಬಂದ ಗೆಸ್ಟ್ ಕಾರಿನಲ್ಲಿ ಕುಳಿತ ಮೇಲೆ, "ಇದರಲ್ಲಿ ನಿಮ್ಮದೆಷ್ಟು?" ಎಂದು ನಗುತ್ತಾ ಕೇಳಿದರು. ಸಾವಿರದ ಇನ್ನೂರು ಅಂಗಿಯ ಜೇಬಿನಲ್ಲೇ ಇತ್ತು. ಬೆಂಗಳೂರು ತಲುಪುವವರೆಗೆ ಕನ್ನಡಿಯಲ್ಲಿ ಅವರ ಮುಖ ನೋಡಲಾಗಲಿಲ್ಲ. ಈಗ ಸೀರೆ ಬೇಕೆಂದವರನ್ನು ಮಾನಂದವಾಡಿ ರಸ್ತೆಯ ಕೆಎಸ್ಐಸಿ ರೇಷ್ಮೆ ಕಾರ್ಖಾನೆಯ ಮಳಿಗೆಗೆ ಕರೆದೊಯ್ಯುತ್ತೇನೆ. ಅದು ಸರ್ಕಾರದ್ದು, ದರ ನಿಗದಿಯಾಗಿರುತ್ತದೆ, ನಾನು ಹೊರಗೇ ನಿಲ್ಲುತ್ತೇನೆ. ತಿಂಗಳಿಗೆ ಎರಡು ಮೂರು ಸಾವಿರ ಬಿಟ್ಟುಕೊಟ್ಟಂತಾಯಿತು.

ಟ್ರಿಪ್ ಶೀಟಿನ ಸತ್ಯ ಅದಕ್ಕಿಂತ ಹೆಚ್ಚು ತಿಂದಿತು. ಸಂಜೆ ಆರೂವರೆಗೆ ಬಿಟ್ಟ ಗೆಸ್ಟ್ ಓದದೆ ಸಹಿ ಹಾಕಿದರೆ ಏಳೂವರೆ ಎಂದು ಬರೆಯುವುದು ನಮ್ಮಲ್ಲಿ ರೂಢಿ, ಮೂರು ಗಂಟೆ ಬಿಸಿಲಿನಲ್ಲಿ ಕಾಯಿಸಿದ್ದಕ್ಕೆ ಅದು ನಮ್ಮ ಹಕ್ಕು ಎಂಬ ವಾದವೂ ಇದೆ. ಆ ಒಂದು ಗಂಟೆಗೆ ನನ್ನ ಪಾಲಿಗೆ ಆರುನೂರರಷ್ಟು ಬರುತ್ತಿತ್ತು. ಬಿಟ್ಟ ಮೊದಲ ವರ್ಷ ತಿಂಗಳಿಗೆ ನಾಲ್ಕು ಸಾವಿರದಷ್ಟು ಖೋತಾ ಬಿದ್ದು ಮನೆಯಲ್ಲಿ ಜಗಳವಾಯಿತು. ಬರೆಯುವ ಕ್ರಮವನ್ನೂ ಆಗಲೇ ಬದಲಿಸಿದೆ: ಗೆಸ್ಟ್ ಇಳಿದಾಗ, ಹತ್ತಿದಾಗ ಅಲ್ಲಲ್ಲೇ ಸಮಯ ಮತ್ತು ಕಿಲೋಮೀಟರ್ ಬರೆದು, ದಿನದ ಕೊನೆಗೆ ಹಾಳೆಯನ್ನು ಅವರ ಕಡೆಗೆ ತಿರುಗಿಸಿ ಬೆರಳಿಟ್ಟು ತೋರಿಸಿಯೇ ಸಹಿ ಪಡೆಯುತ್ತೇನೆ. ಎರಡನೆಯ ವರ್ಷ ಒಂದು ಕಂಪನಿಯ ಅಕೌಂಟ್ಸ್‌ನವರು ಎಲ್ಲ ಡ್ರೈವರುಗಳ ಶೀಟುಗಳನ್ನು ಗೇಟಿನ ರಿಜಿಸ್ಟರಿನೊಡನೆ ತಾಳೆ ನೋಡಿದಾಗ ಹೊಂದಿಕೆಯಾದದ್ದು ನನ್ನದೊಂದೇ ಎಂದು ಟ್ರಾವೆಲ್ಸ್‌ಗೆ ಫೋನ್ ಮಾಡಿ ಹೇಳಿದರು. ಇದನ್ನು ನಾನು ಸ್ವಲ್ಪ ಜಂಬದಿಂದಲೇ ಬರೆಯುತ್ತಿದ್ದೇನೆ. ಹಾಗೆಂದು ಪ್ರತಿಸಲವೂ ಫಲ ಸಿಕ್ಕಿತೆಂದೇನಲ್ಲ. ಇನ್ನೊಂದು ಕಡೆಯ ಮ್ಯಾನೇಜರ್ ತಮ್ಮ ಮನೆಯವರ ಮದುವೆ ಓಡಾಟವನ್ನು ಆಫೀಸಿನ ವೇಟಿಂಗ್ ಎಂದು ಬರೆಯಲು ಹೇಳಿದಾಗ ಒಪ್ಪದೇ ಇದ್ದುದಕ್ಕೆ, ತಿಂಗಳಿಗೆ ನಲವತ್ತು ಸಾವಿರದ ಆ ಡ್ಯೂಟಿ ಮರುವಾರವೇ ಬೇರೆಯವರ ಪಾಲಾಯಿತು, ಮತ್ತೆ ಬರಲೂ ಇಲ್ಲ.

ಏರ್‌ಪೋರ್ಟ್ ವೇಟಿಂಗ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ವಿಮಾನ ತಡವಾದರೆ ಅದು ಗೆಸ್ಟ್ ತಪ್ಪಲ್ಲ ಎಂದು ಮನಸ್ಸಿಗೆ ಹೇಳಿಕೊಂಡೇ ಪ್ಲಕಾರ್ಡ್ ಹಿಡಿಯಬೇಕು. ಡಿಸೆಂಬರ್ ಜನವರಿಯ ಮಂಜಿನ ಬೆಳಗುಗಳಲ್ಲಿ ಇದು ಇನ್ನಷ್ಟು ಮುಖ್ಯ. 2023ರ ಸೆಪ್ಟೆಂಬರಿನಲ್ಲಿ ಅಂತರರಾಷ್ಟ್ರೀಯ ವಿಮಾನಗಳೆಲ್ಲ ಎರಡನೆಯ ಟರ್ಮಿನಲ್‌ಗೆ ಹೋದ ವಾರ, ಅಭ್ಯಾಸಬಲದಿಂದ ನಾನು ಮೊದಲನೆಯ ಟರ್ಮಿನಲ್‌ನಲ್ಲಿ ಪ್ಲಕಾರ್ಡ್ ಹಿಡಿದು ಮುಕ್ಕಾಲು ಗಂಟೆ ನಿಂತಿದ್ದೆ. ಟ್ರಾಫಿಕ್ ಎಂದು ಹೇಳಿಬಿಡಬಹುದಿತ್ತು. ತಪ್ಪು ಟರ್ಮಿನಲ್ ಎಂದೇ ಹೇಳಿ, ಅಷ್ಟು ಹೊತ್ತನ್ನು ಶೀಟಿನಿಂದ ಕಳೆದೆ.

ಒಂದು ವಿಷಯದಲ್ಲಿ ಮಾತ್ರ ನನ್ನ ಕ್ರಮ ಸೋತಿದೆ. ಕಾರು ಬಿಟ್ಟು ಕದಲಬಾರದು ಎನ್ನುವುದು ಸುಲಭ, ಆದರೆ ಹಲವು ಕಟ್ಟಡಗಳಲ್ಲಿ ಡ್ರೈವರುಗಳಿಗೆ ಟಾಯ್ಲೆಟ್ ಇಲ್ಲ. ಅರಮನೆ ಮೈದಾನದ ಮದುವೆಗಳಲ್ಲಿ ಊಟಕ್ಕೆ ಕರೆಯುವುದು ಕೊನೆಯ ಪಂಕ್ತಿಯಾದ ಮೇಲೆ. ನೀರು ಕುಡಿಯದೇ ಕಾಯುವ ಪ್ರಯೋಗ ಮಾಡಿ ಒಂದು ಬೇಸಿಗೆಯಲ್ಲಿ ಮೂತ್ರದಲ್ಲಿ ಉರಿ ಹತ್ತಿಸಿಕೊಂಡು ಡಾಕ್ಟರಿಗೆ ಎರಡು ಸಾವಿರ ಸುರಿದೆ. ಈಗ "ಸಾರ್, 15 ನಿಮಿಷ ಕಾರಿನ ಬಳಿ ಇರುವುದಿಲ್ಲ" ಎಂದು ಮೆಸೇಜ್ ಕಳಿಸಿ ಹೋಗುತ್ತೇನೆ, ಊಟದ ಡಬ್ಬಿಯನ್ನು ಮನೆಯಿಂದಲೇ ತಂದು ಹೊರಗೆ ಕುಳಿತು ತಿನ್ನುತ್ತೇನೆ. ಹುಳಿ ಸಾರಿನ ವಾಸನೆ ಸೀಟಿಗೆ ಹತ್ತಿದರೆ ಎರಡು ದಿನ ಹೋಗುವುದಿಲ್ಲ.

ಇಎಂಐ ಪ್ರಶ್ನೆ ಕೇಳಿದ್ದ ಅದೇ ಮಾಲೀಕರು ಹೊಸದಾಗಿ ಸೇರಿದ ಇಬ್ಬರು ಹುಡುಗರನ್ನು ಕೆಲಸ ಕಲಿಯಲೆಂದು ಕಳೆದ ತಿಂಗಳು ನನ್ನ ಜೊತೆ ಬಿಟ್ಟರು. ಗೆಸ್ಟ್ ಒಳಗೆ ಹೋದ ಮೇಲೆ ಅವರು ಪಾರ್ಕಿಂಗ್‌ಗೆ ಬಂದು ನನ್ನೊಡನೆ ನಿಲ್ಲುತ್ತಿದ್ದರು. ಒಬ್ಬ ಮೂರನೆಯ ದಿನ, "ಇದು ಜೈಲು ಅಣ್ಣ" ಎಂದು ಬಿಟ್ಟುಹೋದ. ಇನ್ನೊಬ್ಬ ಶೀಟು ಬರೆಯುವುದನ್ನು ನನಗಿಂತ ಚೆನ್ನಾಗಿ ಕಲಿತಿದ್ದಾನೆ, ಗೆಸ್ಟ್ ಹೊರಡುವ ನಾಲ್ಕು ನಿಮಿಷ ಮೊದಲು ನನಗೆ ಹೇಗೆ ತಿಳಿಯುತ್ತದೆಂದು ದಿನವೂ ಕೇಳುತ್ತಾನೆ. ಅದನ್ನು ಅವನಿಗೂ ಇನ್ನೂ ಹೇಳಿಕೊಟ್ಟಿಲ್ಲ.