ಮಳೆಗಾಲದ ಮನೆಯಲ್ಲಿ ಮಗುವಿನ ಉಸಿರು ಕಾಪಾಡುವುದು ಹೇಗೆ?

ಆರಿದ್ರಾ ಮಳೆ ಹಿಡಿಯಿತೆಂದರೆ ತೀರ್ಥಹಳ್ಳಿ, ಹೊಸನಗರದ ಕಡೆಯ ಮನೆಗಳಲ್ಲಿ ಕಿಟಕಿಗಳು ಮುಚ್ಚಿಕೊಳ್ಳುತ್ತವೆ, ಒದ್ದೆ ಬಟ್ಟೆ ನಡುಮನೆಗೆ ಬರುತ್ತದೆ. ಈ ದಿನಗಳಲ್ಲಿ ಮಕ್ಕಳಿಗೆ ಬರುವ ಕೆಮ್ಮು, ಕಫಗಳನ್ನೆಲ್ಲ ಥಂಡಿಯ ಲೆಕ್ಕಕ್ಕೆ ಬರೆಯುವುದು ರೂಢಿ. ಸೋಂಕು ತರುವುದು ವೈರಾಣು, ಬ್ಯಾಕ್ಟೀರಿಯಾಗಳು. ಅವುಗಳಿಗೆ ಅನುಕೂಲ ಮಾಡಿಕೊಡುವುದು ಮುಚ್ಚಿದ ಮನೆಯೊಳಗಿನ ಹೊಗೆ ಮತ್ತು ಒತ್ತೊತ್ತಾಗಿ ಮಲಗುವ ಜನ.

ಮೊದಲು ಹೊಗೆಯ ಜಾಡು ಹಿಡಿಯಿರಿ. ಅಡುಗೆಗೆ ಗ್ಯಾಸ್ ಬಂದಿದೆ ಎಂದು ನಿಶ್ಚಿಂತರಾಗುವವರು ಬಚ್ಚಲೊಲೆಯನ್ನು ಮರೆತಿರುತ್ತಾರೆ. ಹಂಡೆಯಡಿಗೆ ತುರುಕಿದ ಹಸಿ ಸೌದೆ ಉರಿಯುವುದಕ್ಕಿಂತ ಹೊಗೆಯುವುದೇ ಹೆಚ್ಚು. ಆ ಹೊಗೆಯ ಸೂಕ್ಷ್ಮ ಕಣಗಳು ಶ್ವಾಸನಾಳದ ಒಳಪದರವನ್ನು ಕೆರಳಿಸಿ, ಕಫವನ್ನೂ ರೋಗಾಣುಗಳನ್ನೂ ಹೊರದೂಡುವ ಅದರ ಶಕ್ತಿಯನ್ನು ಕುಂದಿಸುತ್ತವೆ. ಆದ್ದರಿಂದ ಮಳೆಗೆ ಮುಂಚೆಯೇ ಸೌದೆಯನ್ನು ಒಣಗಿಸಿ ಕೊಟ್ಟಿಗೆಯಲ್ಲಿ ಒಟ್ಟಿಡಿ, ಹೊಗೆಗೂಡಿನ ಮಸಿ ತೆಗೆಸಿ, ಒಲೆ ಉರಿಯುವಾಗ ಬಚ್ಚಲಿನಿಂದ ಒಳಮನೆಗೆ ಬರುವ ಬಾಗಿಲು ಹಾಕಿ, ಹೊರಗಿನ ಕಿಟಕಿ ತೆರೆದಿಡಿ. ಮಗುವನ್ನು ಸೊಂಟದಲ್ಲಿಟ್ಟುಕೊಂಡು ಒಲೆಯ ಮುಂದೆ ಕೂರಬೇಡಿ. ಅಡಕೆ ಬೇಯಿಸುವ ಒಲೆಗೂ ಇದೇ ಮಾತು ಅನ್ವಯಿಸುತ್ತದೆ.

ಮುಂದಿನದು ಬಾಣಂತಿ ಕೋಣೆ. ಇಲ್ಲಿ ಹಿರಿಯರೊಡನೆ ತುಸು ಮಾತಾಡಲೇಬೇಕಾಗುತ್ತದೆ. ಎಣ್ಣೆನೀರು ಹಾಕಿದ ಮೇಲೆ ಕೂಸಿನ ತಲೆಗೂದಲಿಗೆ ಸಾಂಬ್ರಾಣಿ ಹೊಗೆ ಹಿಡಿಯುವುದು, ಮೂಗಿಗೆ ಎಣ್ಣೆ ಬಿಡುವುದು ಅಕ್ಕರೆಯಿಂದಲೇ ನಡೆದುಬಂದಿವೆ; ಆದರೆ ಹೊಗೆ ಎಳೆಯ ಶ್ವಾಸಕೋಶಕ್ಕೆ ಕೆಡುಕು, ಮೂಗಿಗೆ ಬಿಟ್ಟ ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಅದರಿಂದಲೇ ನ್ಯುಮೋನಿಯಾ ಆಗಬಹುದು. ಮುಚ್ಚಿದ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆ ಇಡುವುದಂತೂ ಪ್ರಾಣಕ್ಕೇ ಅಪಾಯ, ಏಕೆಂದರೆ ಅದರಿಂದ ಹೊಮ್ಮುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೇ ಇಲ್ಲ. ತಲೆಯನ್ನು ಒಣಬಟ್ಟೆಯಲ್ಲಿ ಒರೆಸಿ, ಟೋಪಿ ಹಾಕಿ ಬೆಚ್ಚಗಿಟ್ಟರೆ ಸಾಕು.

ಬೀಡಿ, ಸಿಗರೇಟು ಜಗಲಿಗೂ ಬೇಡ. ಸೊಳ್ಳೆಬತ್ತಿಯ ಬದಲು ಪರದೆ ಕಟ್ಟಿ. ಗೋಡೆಗೆ ಬೂಷ್ಟು ಹಿಡಿದಿದ್ದರೆ ಒರೆಸಿ ತೆಗೆದು, ಹಾಸಿಗೆಯನ್ನು ಗೋಡೆಯಿಂದ ದೂರ ಸರಿಸಿ. ಬಟ್ಟೆಯನ್ನು ಮಗು ಮಲಗುವ ಕೋಣೆಯಲ್ಲಿ ಒಣಹಾಕಬೇಡಿ. ನೆಗಡಿಯಾದವರು ಕೂಸಿನಿಂದ ದೂರ ಮಲಗಲಿ, ಕೈಗೆ ಸೋಪು ಹಚ್ಚಿ ತೊಳೆದೇ ಎತ್ತಿಕೊಳ್ಳಲಿ.

ಆರು ತಿಂಗಳವರೆಗೆ ಎದೆಹಾಲೊಂದೇ ಸಾಕು. ಕಷಾಯ, ಜೇನುತುಪ್ಪ ಯಾವುದೂ ಬೇಡ. ನ್ಯುಮೋನಿಯಾ ತಡೆಯುವ ಪಿಸಿವಿ ಲಸಿಕೆಯನ್ನು ಸರ್ಕಾರಿ ಆಸ್ಪತ್ರೆಗಳಲ್ಲಿ 6 ವಾರ, 14 ವಾರ ಮತ್ತು 9 ತಿಂಗಳಿಗೆ ಉಚಿತವಾಗಿ ಕೊಡುತ್ತಾರೆ. ತಾಯಿ ಕಾರ್ಡನ್ನು ಒಮ್ಮೆ ತೆರೆದು ನೋಡಿ, ತಪ್ಪಿದ್ದರೆ ಆಶಾ ಕಾರ್ಯಕರ್ತೆಗೆ ತಿಳಿಸಿ.

ಇಷ್ಟಾದರೂ ಕೆಮ್ಮು ಬಂದರೆ ಉಸಿರು ಎಣಿಸಲು ಕಲಿಯಿರಿ. ಮಗು ಅಳದೆ ಇರುವಾಗ ಕಂಬಳಿ, ಅಂಗಿ ಸರಿಸಿ, ಹೊಟ್ಟೆ ಏರಿಳಿಯುವುದನ್ನು ಗಡಿಯಾರ ಹಿಡಿದು ಪೂರ್ತಿ ಒಂದು ನಿಮಿಷ ಎಣಿಸಬೇಕು. ಎರಡು ತಿಂಗಳೊಳಗಿನ ಕೂಸಿಗೆ 60, ಒಂದು ವರ್ಷದೊಳಗೆ 50, ಐದು ವರ್ಷದೊಳಗೆ 40 ಅಥವಾ ಅದಕ್ಕಿಂತ ಹೆಚ್ಚಾದರೆ ಅದು ವೇಗದ ಉಸಿರು. ಅದೇ ದಿನ ವೈದ್ಯರಿಗೆ ತೋರಿಸಿ. ಉಸಿರೆಳೆದಾಗ ಪಕ್ಕೆಯ ಕೆಳಭಾಗ ಒಳಕ್ಕೆ ಸೆಳೆಯುತ್ತಿದ್ದರೆ, ತುಟಿ ನೀಲಿಯಾದರೆ, ಮಗು ಹಾಲು ಕುಡಿಯದಿದ್ದರೆ ಅಥವಾ ಎಬ್ಬಿಸಿದರೂ ಏಳದಿದ್ದರೆ ಮಳೆ ನಿಲ್ಲಲಿ, ಬೆಳಕು ಹರಿಯಲಿ ಎಂದು ಕಾಯದೆ 108ಕ್ಕೆ ಕರೆ ಮಾಡಿ.