ಎಫ್-16 ಇಳಿಸುವಾಗ ಬಾಲ ಉಜ್ಜದಿರಲು

ಸಿಮ್ಯುಲೇಟರಿನಲ್ಲಿ ಎಫ್-16 ಯುದ್ಧವಿಮಾನ ಇಳಿಸುವಾಗ ಒಂದೇ ವೇಗದ ಅಂಕಿ ಬಾಯಿಪಾಠ ಮಾಡ್ಕೋಬೇಡಿ. ಉಳಿದ ಇಂಧನ, ಬಾಂಬುಗಳ ತೂಕ ನೋಡಿಕೊಂಡು ಅದು ಪ್ರತಿ ಸಲ ಬದಲಾಗುತ್ತೆ. 300 ನಾಟ್‌ಗಿಂತ ಕೆಳಗೆ ಬಂದ ಮೇಲಷ್ಟೇ ಗೇರ್ (ಚಕ್ರಗಳು) ಇಳಿಸಿ. ಆಗ ಹಡ್‌ನಲ್ಲಿ, ಅಂದ್ರೆ ಪೈಲಟ್ ಕಣ್ಣೆದುರು ಮಾಹಿತಿ ತೋರಿಸೋ ಗಾಜಿನಲ್ಲಿ, ಒಂದು ಬ್ರಾಕೆಟ್ ಮೂಡುತ್ತೆ. ವಿಮಾನ ನಿಜಕ್ಕೂ ಸಾಗುತ್ತಿರುವ ದಿಕ್ಕು ತೋರಿಸೋ ಪುಟ್ಟ ವೃತ್ತ ಆ ಬ್ರಾಕೆಟ್ಟಿನ ಮೇಲ್ತುದಿಗೆ ನಿಂತರೆ ಆಂಗಲ್ ಆಫ್ ಅಟ್ಯಾಕ್ (ಎದುರು ಗಾಳಿಗೆ ರೆಕ್ಕೆ ಮಾಡೋ ಕೋನ) 11 ಡಿಗ್ರಿ. ಅಷ್ಟು ಸಾಕು. ವೃತ್ತ ರನ್‌ವೇ ಶುರುವಾಗೋ ಅಂಚಿನಿಂದ ಕದಲದಂತೆ ಥ್ರಾಟಲನ್ನು (ಎಂಜಿನ್ ಶಕ್ತಿಯ ಹಿಡಿಕೆ) ಚೂರು ಚೂರೇ ಆಡಿಸ್ತಾ ಬನ್ನಿ.

ಹೆಚ್ಚಿನವರು ಎಡವೋದು ನೆಲ ಮುಟ್ಟಿದ ಮೇಲೆ: ತಕ್ಷಣ ಬ್ರೇಕ್ ತುಳೀತಾರೆ. ಬೇಡ. ಮೂತಿಯನ್ನು 13 ಡಿಗ್ರಿಗೆ ಎತ್ತಿ ಹಿಡಿದರೆ ಗಾಳಿಯೇ ವೇಗ ತಗ್ಗಿಸುತ್ತೆ. 15 ಮುಟ್ಟಿತೋ, ನಾಝಲ್ (ಬಾಲದಲ್ಲಿರೋ ಎಂಜಿನ್ ಕೊಳವೆ) ನೆಲಕ್ಕೆ ಉಜ್ಜಿತೆಂದೇ ಲೆಕ್ಕ. ಸುಮಾರು 100 ನಾಟ್‌ಗೆ ಮೂತಿ ಇಳಿಸಿ, ಆಮೇಲೆ ಚಕ್ರದ ಬ್ರೇಕ್.